ಗೇನ್ ಗುಂಡಿ ವಾಲ್ಯೂಮ್ ಗುಂಡಿಯಲ್ಲ



ಕಬ್ಬಿನ ಹಂಗಾಮು ಬಂದಿತೆಂದರೆ ನಮ್ಮ ತಾಳಿಕೋಟೆ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಭಾಗದ ರಸ್ತೆಗಳಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಅವು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತವೆ. ಆದರೆ ಕೇಳುವುದೇನು? ಹಾಡು ಯಾವುದೆಂಬುದು ತಿಳಿಯುವುದಿಲ್ಲ, ಸಾಹಿತ್ಯ ತಿಳಿಯುವುದಿಲ್ಲ, ಹಾಡುತ್ತಿರುವವರು ಗಂಡಸೋ ಹೆಂಗಸೋ ಎಂಬುದೂ ಒಮ್ಮೊಮ್ಮೆ ತಿಳಿಯುವುದಿಲ್ಲ. ತಗಡು ಹರಿದಂತಹ ಒಂದು ಸದ್ದು ಮಾತ್ರ ದೂರದವರೆಗೆ ಬರುತ್ತದೆ. ಮದುವೆಯ ದಿಬ್ಬಣದ ಕಾರು, ಜೀಪುಗಳದ್ದೂ ಇದೇ ಕಥೆ.

ಹಿರಿಯರು ಇದನ್ನು ಹುಡುಗರ ಉದ್ಧಟತನವೆಂದು ಬೈಯುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇದರಲ್ಲಿ ಉದ್ಧಟತನ ಅರ್ಧ ಪಾಲು ಇರಬಹುದು. ಉಳಿದರ್ಧ ಅಳತೆಯ ಅಜ್ಞಾನ. ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಈ ಎರಡನೆಯ ಅರ್ಧದ ಬಗ್ಗೆ ಮಾತನಾಡುವ ಹಕ್ಕು ಸ್ವಲ್ಪ ಇದೆಯೆಂದು ಭಾವಿಸುತ್ತೇನೆ. ನಿಮ್ಮಲ್ಲಿ ಕೆಲವರು ಟ್ರ್ಯಾಕ್ಟರಿನ ಒಡೆಯರಿದ್ದೀರಿ, ಕೆಲವರು ಕಾರಿಗೆ ಟೇಪು ಹಚ್ಚುವ ಅಂಗಡಿ ಇಟ್ಟಿದ್ದೀರಿ, ಹಲವರು ಪುಣೆ, ಬೆಂಗಳೂರುಗಳಲ್ಲಿ ಹೊಸ ಕಾರು ಕೊಂಡಿದ್ದೀರಿ. ಆದ್ದರಿಂದ ಈ ಮಾತು ನಿಮಗೆಲ್ಲರಿಗೂ ಸಲ್ಲುತ್ತದೆ.

ವಿಷಯ ಇಷ್ಟೇ. ಸ್ಟೀರಿಯೋ ಒಂದು ಕಡೆ, ಆಂಪ್ಲಿಫೈಯರು ಇನ್ನೊಂದು ಕಡೆ. ಸ್ಟೀರಿಯೋದ ಹಿಂಬದಿಯಲ್ಲಿ ಕೆಂಪು-ಬಿಳಿ ಬಣ್ಣದ ಆರ್‌ಸಿಎ ಕಿಂಡಿಗಳಿರುತ್ತವೆ. ಅವುಗಳ ಮೂಲಕ ಸಂಗೀತದ ಸಂಕೇತವು ವಿದ್ಯುತ್ತಿನ ರೂಪದಲ್ಲಿ ಹೊರಬರುತ್ತದೆ. ಅದು ಗರಿಷ್ಠ ಎಷ್ಟು ವೋಲ್ಟ್ ಇರುತ್ತದೆಂಬುದನ್ನು ಜೊತೆಗೆ ಬರುವ ಪುಸ್ತಿಕೆಯಲ್ಲಿ ಮುದ್ರಿಸಿರುತ್ತಾರೆ: ಸಾಧಾರಣ ಸ್ಟೀರಿಯೋಗಳಲ್ಲಿ 2 ವೋಲ್ಟ್, ಮೇಲ್ದರ್ಜೆಯವುಗಳಲ್ಲಿ 4 ಅಥವಾ 5 ವೋಲ್ಟ್. ಇದು ಮೊದಲನೆಯ ಸಂಖ್ಯೆ. ಆಂಪ್ಲಿಫೈಯರಿನ ಪುಸ್ತಿಕೆಯಲ್ಲಿ 'ಇನ್‌ಪುಟ್ ಸೆನ್ಸಿಟಿವಿಟಿ' ಎಂಬ ಸಾಲೊಂದಿರುತ್ತದೆ. ಎಷ್ಟು ವೋಲ್ಟಿನ ಸಂಕೇತ ಒಳಗೆ ಬಂದರೆ ತಾನು ತನ್ನ ಪೂರ್ಣ ಸಾಮರ್ಥ್ಯವನ್ನು ಹೊರಗೆ ಕೊಡುತ್ತೇನೆ ಎಂದು ಯಂತ್ರವು ಅಲ್ಲಿ ಹೇಳುತ್ತದೆ. ಹಲವು ಆಂಪ್ಲಿಫೈಯರುಗಳಲ್ಲಿ ಅದು 0.2 ವೋಲ್ಟಿನಿಂದ 4 ವೋಲ್ಟಿನವರೆಗೆ ಬದಲಾಯಿಸಿಕೊಳ್ಳಲು ಬರುವಂತಿರುತ್ತದೆ. ಇದು ಎರಡನೆಯ ಸಂಖ್ಯೆ. ಕೊಡುವವನ ಸಂಖ್ಯೆಗೂ ಕೊಳ್ಳುವವನ ಸಂಖ್ಯೆಗೂ ಹೊಂದಾಣಿಕೆ ಮಾಡಿಸುವುದಕ್ಕಾಗಿಯೇ ಆಂಪ್ಲಿಫೈಯರಿನ ಮೇಲೆ 'ಗೇನ್' ಎಂಬ ಸಣ್ಣ ಗುಂಡಿಯನ್ನು ಇಟ್ಟಿರುತ್ತಾರೆ. ಅದಕ್ಕೆ ಇರುವುದು ಈ ಒಂದೇ ಕೆಲಸ.

ಅನರ್ಥ ಆರಂಭವಾಗುವುದು ಈ ಗುಂಡಿಯ ಸುತ್ತ ಬರೆದಿರುವ ಅಂಕಿಗಳಿಂದ. ಎಡ ತುದಿಯಲ್ಲಿ 4 ವೋಲ್ಟ್, ಬಲ ತುದಿಯಲ್ಲಿ 0.2 ವೋಲ್ಟ್ ಎಂದಿರುತ್ತದೆ. ಬಲಕ್ಕೆ ತಿರುಗಿಸಿದಷ್ಟೂ ಸದ್ದು ಹೆಚ್ಚುವುದರಿಂದ ಅದನ್ನು ಎರಡನೆಯ ವಾಲ್ಯೂಮ್ ಗುಂಡಿ ಎಂದೇ ಜನ ತಿಳಿಯುತ್ತಾರೆ. ಬಲ ತುದಿಗೆ ತಿರುಗಿಸಿದರೆ ಯಂತ್ರದ ಸಾಮರ್ಥ್ಯವೆಲ್ಲ ಹೊರಬಂದಿತೆಂದು ಹಿಗ್ಗುತ್ತಾರೆ. ವಾಸ್ತವವಾಗಿ 100 ವ್ಯಾಟಿನ ಆಂಪ್ಲಿಫೈಯರು ಗುಂಡಿ ಎಲ್ಲಿದ್ದರೂ 100 ವ್ಯಾಟಿನದೇ. ಗುಂಡಿಯನ್ನು 0.2ಕ್ಕೆ ಇಟ್ಟರೆ, 0.2 ವೋಲ್ಟಿಗೇ ಅದು ತನ್ನ 100 ವ್ಯಾಟನ್ನು ಕೊಟ್ಟು ಮುಗಿಸುತ್ತದೆ. ಸ್ಟೀರಿಯೋ ಕಳಿಸಬಲ್ಲದ್ದು 4 ವೋಲ್ಟ್, ಅಂದರೆ ಅದರ ಇಪ್ಪತ್ತು ಪಟ್ಟು. ವಾಲ್ಯೂಮನ್ನು ಸ್ವಲ್ಪವೇ ಏರಿಸುವಷ್ಟರಲ್ಲಿ ಯಂತ್ರದ ಎಲ್ಲ ಬಲವೂ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಏರಿಸಿದ್ದೆಲ್ಲವೂ ವಿಕಾರವಾಗಿಯೇ ಹೊರಬರುತ್ತದೆ.

ಆ ವಿಕಾರ ಎಂತಹುದು? ನಮ್ಮ ಡೋಣಿ ಹೊಳೆಯನ್ನು ನೆನೆಯಿರಿ. ಡೋಣಿ ದಡದೊಳಗೆ ಹರಿದರೆ ಓಣಿಯೆಲ್ಲ ಕಾಳು ಎಂದು ನಮ್ಮ ಹಿರಿಯರು ಹಾಡಿ ಹೊಗಳಿದ್ದಾರೆ. ಅದೇ ಡೋಣಿ ದಡ ಮೀರಿದರೆ ತಗ್ಗಿನ ಸೇತುವೆ ಮುಳುಗುತ್ತದೆ, ಬಿತ್ತಿದ ಎರೆಹೊಲ ಕೊಚ್ಚಿ ಹೋಗುತ್ತದೆ. ಹೆಚ್ಚುವರಿ ನೀರಿನಿಂದ ಹೊಳೆಯ ಪಾತ್ರವೇನೂ ಆಳವಾಗುವುದಿಲ್ಲ. ಹಾಗೆಯೇ ಆಂಪ್ಲಿಫೈಯರಿನೊಳಗಿನ ಪವರ್ ಸಪ್ಲೈ ಎಷ್ಟು ವೋಲ್ಟ್ ಒದಗಿಸುತ್ತದೆಯೋ ಅದು ಧ್ವನಿತರಂಗದ ದಡ. ತರಂಗವು ಅದಕ್ಕಿಂತ ಎತ್ತರ ಏಳಲಾರದು. ಏಳಲು ಒತ್ತಾಯಿಸಿದರೆ ಅದರ ದುಂಡನೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಹೀಗೆ ತಲೆ ಕತ್ತರಿಸಿದ ತರಂಗದಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಎಷ್ಟೋ ಹೆಚ್ಚಿನ ಕಂಪನಾಂಕಗಳು ಹುಟ್ಟಿಕೊಳ್ಳುತ್ತವೆ. ನಾನು ಹೇಳಿದ ತಗಡು ಹರಿದ ಸದ್ದು ಅದೇ.

ಇದರಿಂದ ಹಣವೂ ಹಾಳು. ಎರಡು ತರಂಗಗಳ ಎತ್ತರ ಒಂದೇ ಇದ್ದರೂ, ಪೂರ್ತಿ ಚಪ್ಪಟೆಯಾದ ಚೌಕ ತರಂಗವು ದುಂಡನೆಯ ತರಂಗದ ಎರಡರಷ್ಟು ಸಾಮರ್ಥ್ಯವನ್ನು ಸ್ಪೀಕರಿಗೆ ಸುರಿಯುತ್ತದೆ. ಜೊತೆಗೆ ಹೊಸದಾಗಿ ಹುಟ್ಟಿದ ಹೆಚ್ಚಿನ ಕಂಪನಾಂಕಗಳೆಲ್ಲ ಟ್ವೀಟರ್ ಎಂಬ ಪುಟ್ಟ ಸ್ಪೀಕರಿನ ಪಾಲಿಗೆ ಬರುತ್ತವೆ. ಅದರ ಸುರುಳಿಯ ತಂತಿ ಕೂದಲೆಳೆಯಷ್ಟು ತೆಳುವಾದದ್ದು, ಕಾದು ಸುಟ್ಟುಹೋಗುತ್ತದೆ. ಸ್ಪೀಕರು ಸುಟ್ಟಿತೆಂದರೆ ಕಂಪನಿಯ ಮಾಲು ಕಳಪೆಯೆಂದು ಬೈದು, ಇನ್ನೂ ದೊಡ್ಡದನ್ನು ತಂದು, ಗುಂಡಿಯನ್ನು ಮತ್ತೆ ಅದೇ ತುದಿಗೆ ತಿರುಗಿಸುವವರನ್ನು ನೋಡಿದ್ದೇನೆ.

ಹಾಗಾದರೆ ಗುಂಡಿಯನ್ನು ಸದಾ ಎಡ ತುದಿಯಲ್ಲಿ ಇಟ್ಟರೆ ಕ್ಷೇಮವಲ್ಲವೇ ಎಂದು ನೀವು ಕೇಳಬಹುದು. ಅದೂ ಸರಿಯಲ್ಲ. ಸ್ಟೀರಿಯೋ ಕೊಡುವುದು 2 ವೋಲ್ಟ್ ಇದ್ದು ಆಂಪ್ಲಿಫೈಯರು 4 ವೋಲ್ಟಿಗಾಗಿ ಕಾಯುತ್ತ ಕುಳಿತರೆ, ಕೊಟ್ಟ ಹಣಕ್ಕೆ ತಕ್ಕ ಸಾಮರ್ಥ್ಯ ಎಂದೂ ಹೊರಬರುವುದಿಲ್ಲ. ಆಗ ಜನ ಸ್ಟೀರಿಯೋದ ವಾಲ್ಯೂಮನ್ನು ಕೊನೆಯವರೆಗೆ ಏರಿಸುತ್ತಾರೆ, ಬಾಸ್ ಗುಂಡಿಯನ್ನು ಪೂರ್ತಿ ತಿರುವುತ್ತಾರೆ. ಕ್ಲಿಪ್ಪಿಂಗ್ ಆಂಪ್ಲಿಫೈಯರಿನ ಬದಲು ಸ್ಟೀರಿಯೋದೊಳಗೇ ಆಗುತ್ತದೆ. ವಿಕಾರಗೊಂಡೇ ಬಂದ ಸಂಕೇತವನ್ನು ಆಂಪ್ಲಿಫೈಯರು ಪ್ರಾಮಾಣಿಕವಾಗಿ ದೊಡ್ಡದು ಮಾಡುತ್ತದೆ.

4 ಅಥವಾ 5 ವೋಲ್ಟಿನ ಸ್ಟೀರಿಯೋಗೆ ಹೆಚ್ಚು ಬೆಲೆ ಏಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಎಂಜಿನ್ ಓಡುವಾಗ ಆಲ್ಟರ್ನೇಟರು, ಇಗ್ನಿಶನ್ ಇವುಗಳ ವಿದ್ಯುತ್ ಗದ್ದಲ ಆರ್‌ಸಿಎ ತಂತಿಯೊಳಗೆ ನುಸುಳುತ್ತದೆ. ಆಕ್ಸಿಲರೇಟರು ಒತ್ತಿದಂತೆಲ್ಲ ಏರುವ ಗುಂಯ್ ಎಂಬ ಸದ್ದನ್ನು ನೀವು ಕೇಳಿರುತ್ತೀರಿ. ಆಂಪ್ಲಿಫೈಯರಿಗೆ ಕಾಳು ಯಾವುದು, ಹೊಟ್ಟು ಯಾವುದು ಎಂಬ ವಿವೇಕವಿಲ್ಲ. ಎರಡನ್ನೂ ಸಮನಾಗಿ ಹೆಚ್ಚಿಸುತ್ತದೆ. ಕಳಿಸುವ ಸಂಕೇತವೇ ದೊಡ್ಡದಿದ್ದರೆ ಗೇನ್ ಕಡಿಮೆ ಸಾಕಾಗುತ್ತದೆ, ಹೊಟ್ಟೂ ಕಡಿಮೆ ಹೆಚ್ಚುತ್ತದೆ. 5 ವೋಲ್ಟಿನ ಸ್ಟೀರಿಯೋ ತಂದು ಗೇನನ್ನು 0.2ಕ್ಕೆ ಇಡುವವನು ತಾನು ಹೆಚ್ಚು ಹಣ ಕೊಟ್ಟು ಕೊಂಡ ಗುಣವನ್ನು ತಾನೇ ಕಳೆದುಕೊಳ್ಳುತ್ತಾನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದೇ ಉದ್ಯೋಗದಲ್ಲಿದ್ದಾನೆ. ಈ ಮಾತು ತೆಗೆದಾಗ ಅವನು ಹೇಳಿದ್ದು ಹೀಗೆ: "ಸರ್, ನೀವು ಹೇಳೋದು ಖರೇ ಐತ್ರಿ. ಆದ್ರ ಹುಡುಗ್ರು ಬಂದು ಸೌಂಡ್ ಎದಿಗಿ ಬಡೀಬೇಕು ಅಂತಾರ್ರಿ. ಗೇನ್ ಕಡಿಮಿ ಇಟ್ರ, ನಿನಗ ಕೆಲಸಾ ಬರಾಂಗಿಲ್ಲ ಅಂದು ಬಾಜೂ ಅಂಗಡಿಗಿ ಹೋಗ್ತಾರ್ರಿ. ಮತ್ತ ನಮ್ಮ ಕಿವಿನ ನಮಗ ಮೀಟರ್ ರೀ."

ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಕಿವಿಯೇ ಮೀಟರು ಎಂಬ ಮಾತನ್ನು ನಾನು ಒಪ್ಪಲಾರೆ. ದಿನವಿಡೀ ದೊಡ್ಡ ಸದ್ದಿನ ನಡುವೆ ದುಡಿಯುವವನ ಕಿವಿ ಸಂಜೆಯ ಹೊತ್ತಿಗೆ ಮಂದವಾಗಿರುತ್ತದೆ. ಸಣ್ಣ ಪ್ರಮಾಣದ ಕ್ಲಿಪ್ಪಿಂಗನ್ನು ಅದು ಗುರುತಿಸುವುದಿಲ್ಲ. ಅದರ ಮೇಲೆ, ವಿಕಾರಗೊಂಡ ಸದ್ದನ್ನೇ ಜೋರು ಎಂದು ಭಾವಿಸುತ್ತದೆ. ಅಕ್ಕಸಾಲಿಗನಿಗೆ ಎಷ್ಟೇ ಅನುಭವವಿದ್ದರೂ ಚಿನ್ನವನ್ನು ಅಂಗೈಯಲ್ಲಿ ತೂಗಿ ಕೊಡುವುದಿಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರು ಇದಕ್ಕೆ ಸಾಕು. ಬೇಕಾದ ಗಣಿತವನ್ನು ನಾವು ಹತ್ತನೆಯ ತರಗತಿಯಲ್ಲಿಯೇ ಮಾಡಿದ್ದೇವೆ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ. ಅದನ್ನೇ ತಿರುಗಿಸಿದರೆ, ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟ್. 100 ವ್ಯಾಟ್, 4 ಓಮ್ ಆದರೆ ಗುಣಲಬ್ಧ 400, ವರ್ಗಮೂಲ 20. ಆ ಆಂಪ್ಲಿಫೈಯರಿನ ಹೊರಕಿಂಡಿಯಲ್ಲಿ ಕಾಣಬೇಕಾದದ್ದು 20 ವೋಲ್ಟ್. 50 ವ್ಯಾಟ್ ಆದರೆ ಸುಮಾರು 14 ವೋಲ್ಟ್.

ವಿಧಾನವನ್ನೂ ಹೇಳಿಬಿಡುತ್ತೇನೆ. ಸ್ಪೀಕರಿನ ತಂತಿಗಳನ್ನು ಬಿಚ್ಚಿಡಿ. ಗೇನನ್ನು ಎಡ ತುದಿಗೆ ತನ್ನಿ. ಬಾಸ್, ಟ್ರೆಬಲ್, ಈಕ್ವಲೈಜರುಗಳನ್ನೆಲ್ಲ ಸೊನ್ನೆಗೆ ತನ್ನಿ. ಆಂಪ್ಲಿಫೈಯರಿನ ಫಿಲ್ಟರುಗಳನ್ನು ಅಳತೆಯ ಮಟ್ಟಿಗೆ ಬಂದ್ ಮಾಡಿ. ಸ್ಟೀರಿಯೋದ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಇಡಿ. ಹಾಡಿನ ಬದಲು ಒಂದೇ ಕಂಪನಾಂಕದ, ಪೂರ್ಣ ಮಟ್ಟದಲ್ಲಿ ಧ್ವನಿಮುದ್ರಿಸಿದ ಪರೀಕ್ಷಾ ನಾದವನ್ನು ನುಡಿಸಿ. ಬಾಸಿನ ಆಂಪ್ಲಿಫೈಯರಿಗೆ 50 ಹರ್ಟ್ಸ್, ಉಳಿದವಕ್ಕೆ 400 ಹರ್ಟ್ಸ್ ಸಾಕು. ಅಗ್ಗದ ಮೀಟರುಗಳು ಅದಕ್ಕಿಂತ ಹೆಚ್ಚಿನ ಕಂಪನಾಂಕವನ್ನು ಸರಿಯಾಗಿ ಓದುವುದಿಲ್ಲ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಆಂಪ್ಲಿಫೈಯರಿನ ಸ್ಪೀಕರ್ ಕಿಂಡಿಗಳಿಗೆ ಹಿಡಿದು, ಲೆಕ್ಕದ ವೋಲ್ಟ್ ಬರುವವರೆಗೆ ಗೇನನ್ನು ನಿಧಾನವಾಗಿ ತಿರುಗಿಸಿ, ಅಲ್ಲಿಗೆ ನಿಲ್ಲಿಸಿ. ಸ್ಪೀಕರಿನ ತಾಳಿಕೆ ಆಂಪ್ಲಿಫೈಯರಿಗಿಂತ ಕಡಿಮೆಯಿದ್ದರೆ ಲೆಕ್ಕಕ್ಕೆ ಸ್ಪೀಕರಿನ ವ್ಯಾಟನ್ನೇ ಹಿಡಿಯಿರಿ. ಗುಂಡಿಯ ಮೇಲೊಂದು ಗುರುತು ಹಾಕಿ, ಮುಕ್ಕಾಲು ವಾಲ್ಯೂಮನ್ನು ದಾಟಬಾರದೆಂದು ಗ್ರಾಹಕನಿಗೆ ತಿಳಿಸಿ. ತರಂಗದ ತಲೆ ಚಪ್ಪಟೆಯಾಗಿದೆಯೇ ಎಂಬುದನ್ನು ಮೀಟರು ತೋರಿಸುವುದಿಲ್ಲ. ಅದನ್ನು ಕಣ್ಣಾರೆ ಕಾಣಲು ಆಸಿಲೋಸ್ಕೋಪು ಬೇಕು. ಆದರೂ ಕಿವಿಯ ಅಂದಾಜಿಗಿಂತ ಮೀಟರಿನ ಅಂಕಿ ನೂರು ಪಾಲು ಮೇಲು.

ಈಗಿನ ಹೊಸ ಕಾರುಗಳಲ್ಲಿ ಕಂಪನಿಯವರೇ ಕೂಡಿಸಿದ ಟಚ್ ಸ್ಕ್ರೀನು ಬರುತ್ತದೆ. ಹಲವದರಲ್ಲಿ ಆರ್‌ಸಿಎ ಕಿಂಡಿಯೇ ಇರುವುದಿಲ್ಲ. ಆಗ ಸ್ಪೀಕರಿಗೆ ಹೋಗುವ ತಂತಿಯಿಂದಲೇ ಸಂಕೇತ ತೆಗೆಯಬೇಕಾಗುತ್ತದೆ. ಆ ತಂತಿಯಲ್ಲಿ ಹತ್ತು ವೋಲ್ಟಿನ ಸಮೀಪದವರೆಗೂ ಇರಬಹುದು. ಅದನ್ನು 4 ವೋಲ್ಟಿನ ಕಿಂಡಿಗೆ ನೇರವಾಗಿ ಜೋಡಿಸುವುದು ತಪ್ಪು. 'ಹೈ ಲೆವೆಲ್ ಇನ್‌ಪುಟ್' ಇರುವ ಆಂಪ್ಲಿಫೈಯರು ಕೊಳ್ಳಬೇಕು, ಇಲ್ಲವೇ ನಡುವೆ ಲೈನ್ ಔಟ್‌ಪುಟ್ ಕನ್ವರ್ಟರು ಹಾಕಬೇಕು. ಊರ ಹೊರಗಿರುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಿರಿ.

ಇನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವ ವ್ಯಾಟುಗಳ ವಿಚಾರ. ಸ್ಟೀರಿಯೋಗಳ ಮೇಲೆ '50 ವ್ಯಾಟ್ × 4' ಎಂದಿರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಯಲ್ಲಿ ಹೆಚ್ಚೆಂದರೆ 14.4 ವೋಲ್ಟ್. ಅದರಿಂದ ಬರುವ ದುಂಡನೆಯ ತರಂಗ 4 ಓಮಿನ ಸ್ಪೀಕರಿಗೆ ಲೆಕ್ಕದಲ್ಲಿ 26 ವ್ಯಾಟ್ ಕೊಡಬಲ್ಲದು. ನಷ್ಟ ಕಳೆದು 20ರ ಆಸುಪಾಸು. ಹಾಗಾದರೆ 50 ಎಲ್ಲಿಂದ ಬಂತು? ತರಂಗವನ್ನು ಪೂರ್ತಿ ಚೌಕವಾಗುವಷ್ಟು ಕೆಡಿಸಿದರೆ 52 ವ್ಯಾಟ್ ಬರುತ್ತದೆ, ಲೆಕ್ಕ ಮಾಡಿ ನೋಡಿ. ಸಂಗೀತ ಸತ್ತ ಮೇಲಿನ ವ್ಯಾಟನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದಂತಾಯಿತು. ಆಂಪ್ಲಿಫೈಯರು ಕೊಳ್ಳುವಾಗ ಅದರ ಫ್ಯೂಸನ್ನು ನೋಡಿರಿ. 30 ಆಂಪಿಯರ್ ಫ್ಯೂಸು ಇದ್ದರೆ ಅದು ಒಳಗೆ ಎಳೆದುಕೊಳ್ಳುವುದೇ ಸುಮಾರು 400 ವ್ಯಾಟ್; ಅಂತಹ ಯಂತ್ರದ ಮೇಲೆ 2000 ವ್ಯಾಟ್ ಎಂದು ಬರೆದಿದ್ದರೆ ನಂಬಬೇಡಿ. ನಿಜವಾಗಿಯೂ 1000 ವ್ಯಾಟ್ ಎಳೆಯುವ ಯಂತ್ರವಾದರೆ 12 ವೋಲ್ಟಿನ ಬ್ಯಾಟರಿಯಿಂದ 80 ಆಂಪಿಯರಿಗೂ ಮಿಗಿಲು ಹರಿಯಬೇಕು. ನಮ್ಮ ಟ್ರ್ಯಾಕ್ಟರುಗಳ ಆಲ್ಟರ್ನೇಟರು ಸಾಮಾನ್ಯವಾಗಿ ಕೊಡುವುದು 40 ಆಂಪಿಯರಿನ ಆಸುಪಾಸು. ಉಳಿದದ್ದನ್ನು ಬ್ಯಾಟರಿಯೇ ತುಂಬಿಕೊಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತರಗತಿಯಲ್ಲಿ ಸಿಕ್ಕಿರಲಿಲ್ಲ.

ಹಣದ ಮಾತು ಹಾಗಿರಲಿ. ಸುಟ್ಟ ಸ್ಪೀಕರನ್ನು ಮತ್ತೆ ತರಬಹುದು. ಕಿವಿಯನ್ನು ತರಲು ಬರುವುದಿಲ್ಲ. ಒಳಗಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಶ್ರವಣ ರಕ್ಷಣೆಯ ತಜ್ಞರು ಬಳಸುವ ಒಂದು ಮಾನ್ಯ ಲೆಕ್ಕದ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕೇವಲ 15 ನಿಮಿಷ. ಹೊಲದಿಂದ ಕಾರ್ಖಾನೆಯವರೆಗೆ, ಮತ್ತೆ ಅಲ್ಲಿನ ಸರದಿ ಸಾಲಿನಲ್ಲಿ ರಾತ್ರಿಯಿಡೀ, ತಲೆಯ ಹಿಂದೆಯೇ ಸ್ಪೀಕರು ಕಟ್ಟಿಕೊಂಡು ಕೂರುವ ಇಪ್ಪತ್ತು ವರ್ಷದ ಹುಡುಗನ ಲೆಕ್ಕ ಏನಾಗಬಹುದೆಂದು ನೀವೇ ಯೋಚಿಸಿ. ಹಿಂದಿನಿಂದ ಬರುವ ಬಸ್ಸಿನ ಹಾರ್ನು ಅವನಿಗೆ ಕೇಳಿಸದು ಎಂಬುದು ಬೇರೆಯೇ ಭಯ. ನಿದ್ದೆಗೆಡುವ ಕೆಲಸ, ಹಾಡು ಇಲ್ಲದಿದ್ದರೆ ಕಣ್ಣು ಮುಚ್ಚುತ್ತದೆ ಎನ್ನುತ್ತಾರೆ, ನಿಜವಿರಬಹುದು. ಹಾಡು ಬೇಡವೆಂದು ನಾನು ಹೇಳುತ್ತಿಲ್ಲ. ಹಾಡು ಹಾಡಾಗಿ ಕೇಳಲಿ ಎನ್ನುತ್ತೇನೆ.

ಕಾನೂನೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರಿನವರೆಗೆ ನಿಶ್ಶಬ್ದ ವಲಯವನ್ನು ಗುರುತಿಸಲು ಅವಕಾಶವಿದೆ. 2005ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಕುರಿತು ವಿಸ್ತಾರವಾದ ತೀರ್ಪು ಕೊಟ್ಟಿದೆ. ಆದರೆ ಪ್ರತಿ ಟ್ರ್ಯಾಕ್ಟರಿನ ಹಿಂದೆ ಒಬ್ಬ ಪೊಲೀಸನನ್ನು ಕಳಿಸಲಾಗದು. ದಂಡ ಕಟ್ಟಿ ಬಂದವನು ಮರುದಿನ ಗುಂಡಿಯನ್ನು ಮತ್ತೆ ಬಲಕ್ಕೆ ತಿರುಗಿಸುತ್ತಾನೆ. ಗುಂಡಿ ಏನೆಂಬುದನ್ನು ಅರಿತವನು ಮಾತ್ರ ತಿರುಗಿಸುವುದಿಲ್ಲ. ಆದ್ದರಿಂದ ದಂಡಕ್ಕಿಂತ ಮೊದಲು ತಿಳಿವಳಿಕೆ ಬರಲಿ ಎಂಬುದು ನನ್ನ ವಾದ.

ನಮ್ಮ ಜಿಲ್ಲೆಯವರಿಗೆ ಧ್ವನಿಯ ವಿವೇಕ ಹೊಸದೇನಲ್ಲ. ಹದಿನೇಳನೆಯ ಶತಮಾನದ ನಡುವೆ ಕಟ್ಟಿ ಮುಗಿಸಿದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಮುಖವಿಟ್ಟು ಮೆಲ್ಲಗೆ ಆಡಿದ ಮಾತು ಎದುರು ತುದಿಯಲ್ಲಿ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಪ್ರವಾಸಕ್ಕೆ ಬಂದ ಮಕ್ಕಳು ಒಟ್ಟಿಗೆ ಕಿರುಚಿದಾಗ ಮಾತ್ರ ಅಲ್ಲಿ ಏನೂ ತಿಳಿಯದು. ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಬಿದ್ದು ಗದ್ದಲವಾಗುತ್ತದೆ. ನನ್ನೊಡನೆ ಅಲ್ಲಿಗೆ ಬಂದಿದ್ದ ನಿಮಗೆಲ್ಲ ಅದು ನೆನಪಿರಬೇಕು.

ನನ್ನ ಸಲಹೆ ಮೂರು. ಟೇಪು ಹಚ್ಚುವ ಅಂಗಡಿಯವರು ಬಿಲ್ಲಿನ ಮೇಲೆ ಎರಡು ಸಂಖ್ಯೆಗಳನ್ನು ಬರೆದು ಕೊಡಲಿ: ಸ್ಟೀರಿಯೋ ಕೊಡುವ ವೋಲ್ಟ್ ಎಷ್ಟು, ಆಂಪ್ಲಿಫೈಯರಿನ ಗೇನನ್ನು ಎಷ್ಟು ವೋಲ್ಟಿಗೆ ಹೊಂದಿಸಿದೆ. ಹಾಗೆ ಬರೆಯುವ ಅಂಗಡಿಗೆ ಕೆಲಸ ಬರುವುದಿಲ್ಲ ಎನ್ನಲು ಯಾರಿಗೂ ಧೈರ್ಯವಾಗದು. ಗಾಡಿಯ ಒಡೆಯರು ಆ ಎರಡು ಸಂಖ್ಯೆಗಳನ್ನು ಕೇಳಿ ಪಡೆಯಲಿ. ತಂದೆಯಂದಿರು ಟೇಪಿಗೆ ಹಣ ಕೊಡುವ ಮೊದಲು ಮಗನಿಗೆ ಅದೇ ಪ್ರಶ್ನೆ ಹಾಕಲಿ. ಮೂರನೆಯದು ನನ್ನ ವೃತ್ತಿಬಾಂಧವರಿಗೆ. ಓಮ್‌ನ ನಿಯಮವನ್ನು ಕಪ್ಪು ಹಲಗೆಯ ಮೇಲೆ ಒಂದು ಬಲ್ಬು, ಒಂದು ಬ್ಯಾಟರಿಯ ಚಿತ್ರದಲ್ಲಿ ಮುಗಿಸಬೇಡಿ. ಶಾಲೆಯ ಅಂಗಳಕ್ಕೆ ಒಂದು ಟ್ರ್ಯಾಕ್ಟರು ತರಿಸಿ, ಮಕ್ಕಳ ಕೈಯಲ್ಲಿ ಮೀಟರು ಕೊಟ್ಟು, ಆ 20 ವೋಲ್ಟನ್ನು ಅವರೇ ಹುಡುಕಲಿ ಎಂದು ಬಿಡಿ. ಪಾಠವೆಂದರೆ ಹಿಂದಿನ ಬೆಂಚಿನಲ್ಲಿ ಆಕಳಿಸುವ ಹುಡುಗನೇ ಅಂದು ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ. ಮೂರು ವರ್ಷ ಕಳೆದರೆ ಟ್ರ್ಯಾಕ್ಟರು ಓಡಿಸುವವನೂ ಅವನೇ.

ನಿಮ್ಮಲ್ಲಿ ಯಾರಾದರೂ ಈ ಅಳತೆಯನ್ನು ಮಾಡಿ ನೋಡಿದರೆ, ಎಷ್ಟು ವೋಲ್ಟ್ ಬಂತೆಂದು ನನಗೆ ಬರೆದು ತಿಳಿಸಿರಿ. ಉತ್ತರ ಪತ್ರಿಕೆ ತಿದ್ದುವ ಹಳೆಯ ಚಟ ನನ್ನನ್ನು ಇನ್ನೂ ಬಿಟ್ಟಿಲ್ಲ.